ನಿಂಬೆಹಣ್ಣಿನ ಷಡ್ಡಕ

ಹೆಂಡತಿಯ ಆಪರೇಷನ್ನಿನ ದಿನ ಏನೇನು ಕೆಡಬಹುದು ಎಂದು ನಾನು ಒಂದು ವಾರ ಮೊದಲೇ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಕರೆಂಟು ಹೋಗಬಹುದು. ಹೋದಾಗ ಜನರೇಟರಿನಲ್ಲಿ ಡೀಸೆಲ್ ಇಲ್ಲದಿರಬಹುದು. ಡೀಸೆಲ್ ತರಲು ಹೋದವನು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಳ್ಳಬಹುದು. ಅವನ ಹಿಂದೆಯೇ ಅರಿವಳಿಕೆ ಕೊಡುವ ಡಾಕ್ಟರೂ ಸಿಕ್ಕಿಕೊಳ್ಳಬಹುದು. ನನ್ನ ಹೆಂಡತಿಯ ಹೆಸರಿನವರೇ ಇನ್ನೊಬ್ಬರು ಪಕ್ಕದ ವಾರ್ಡಿನಲ್ಲಿದ್ದು, ಅವರ ರಕ್ತದ ರಿಪೋರ್ಟು ಇವಳ ಫೈಲಿಗೂ ಇವಳದು ಅವರ ಫೈಲಿಗೂ ಸೇರಬಹುದು. ಅವರದು ಮೊಣಕಾಲಿನ ಆಪರೇಷನ್ ಆಗಿರಬಹುದು. ಭಾನುವಳ್ಳಿಯಿಂದ ಅತ್ತೆಯವರು ಬರುವ ಬಸ್ಸು ದಾರಿಯಲ್ಲಿ ನಿಂತುಬಿಡಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಕೈ ನಡುಗಿ, ಇದು ನಿಮ್ಮ ಸಹಿಯಲ್ಲ ಎಂದು ಅವರು ತಕರಾರು ತೆಗೆಯಬಹುದು. ಕೊನೆಗೆ ನಾನೇ ತಲೆ ತಿರುಗಿ ಬಿದ್ದು, ಅವಳಿಗಾಗಿ ಹಾಸಿಟ್ಟ ಮೇಜಿನ ಮೇಲೆ ಮೊದಲು ನನ್ನನ್ನೇ ಮಲಗಿಸಬಹುದು.

ಇದ್ಯಾವುದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ತೀರಾ ಸಣ್ಣದು, ನನ್ನ ಪಟ್ಟಿಯಲ್ಲಿ ಇರದೇ ಇದ್ದದ್ದು. ಅದಕ್ಕೆ ಕಾರಣ ನನ್ನ ಷಡ್ಡಕ. ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ. ಹೇಳಿದರೂ ಆತನ ಮೇಲಿನ ದೂರನ್ನು ನಮ್ಮ ಮನೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಒಂದೇ ಅತ್ತೆಯ ತಕ್ಕಡಿಯಲ್ಲಿ ಆ ಕಡೆಯ ತಟ್ಟೆಯಲ್ಲಿ ಕೂತಿರುವ ಮನುಷ್ಯ. ಆ ಮನೆಗೆ ಆತನಿಗಿಂತ ಆರು ವರ್ಷ ಮೊದಲು ಅಳಿಯನಾಗಿ ಹೋದವನು ನಾನು. ಆ ಆರು ವರ್ಷ ತಕ್ಕಡಿಯಲ್ಲಿ ನಾನೊಬ್ಬನೇ ಇದ್ದೆ, ಹಾಗಾಗಿ ಭಾರವಾಗಿಯೇ ಕಾಣುತ್ತಿದ್ದೆ. ಆಮೇಲೆ ಆತ ಬಂದು ಎದುರು ತಟ್ಟೆಯಲ್ಲಿ ಕೂತ. ಜೇಬಿನಲ್ಲಿ ನಿಂಬೆಹಣ್ಣು ಬೇರೆ.

ಅದು ಸುಮ್ಮನೆ ಹೇಳಿದ ಮಾತಲ್ಲ. ಆತನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಉಬ್ಬಿಕೊಂಡಿರುತ್ತದೆ. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜಾಗ ಅದು. ಹರಿಹರದ ಒಂದು ಹೈಸ್ಕೂಲಿನಲ್ಲಿ ಆತ ಲ್ಯಾಬ್ ಅಟೆಂಡರ್. ಮೇಷ್ಟ್ರು ಪಾಠ ಮಾಡುವಾಗ ಬಾಟಲಿ ಎತ್ತಿಕೊಡುವ ಕೆಲಸ. ಎತ್ತಿಕೊಡುತ್ತ ಎತ್ತಿಕೊಡುತ್ತ ಯಾವುದೋ ವರ್ಷ ವಿಟಮಿನ್ ಸಿ ಪಾಠ ಕಿವಿಗೆ ಬಿದ್ದಿದೆ. ಹುಡುಗರು ಪರೀಕ್ಷೆ ಬರೆದು ಮರೆತರು, ಆತ ಮರೆಯಲಿಲ್ಲ. ಈಗ ಆತನ ಮೈಯನ್ನು ಎಲ್ಲಿ ಚುಚ್ಚಿದರೂ ರಕ್ತ ಬರಲಾರದು, ನಿಂಬೆರಸವೇ ಬರಬೇಕು ಎಂಬುದು ನನ್ನ ನಂಬಿಕೆ.

"ನಾಯಿ, ಬೆಕ್ಕು, ಆಕಳು, ಎಲ್ಲಾ ತಮಗೆ ಬೇಕಾದ ಸಿ ತಾವೇ ಮಾಡ್ಕಂತಾವೆ ಅಣ್ಣಾರ. ಮನುಷ್ಯನಿಗೆ ಆ ಯೋಗ್ಯತಿ ಇಲ್ಲ. ಹಣ್ಣಿನ ಮುಂದೆ ಕೈ ಚಾಚಬೇಕು" ಎನ್ನುತ್ತಾನೆ. ಹೇಳುವಾಗ ಮುಖದಲ್ಲಿ ಎಂಥ ವಿನಯ ಎಂದರೆ, ಇಡೀ ಮನುಷ್ಯಕುಲದ ಪರವಾಗಿ ಆತನೇ ಆಕಳ ಕ್ಷಮೆ ಕೇಳುತ್ತಿರುವಂತೆ ಕಾಣುತ್ತದೆ.

ಒಮ್ಮೆ ದಾವಣಗೆರೆಗೆ ಬಂದಾಗ ನಾನೇ ಮಂಡಕ್ಕಿ ತಿನ್ನಿಸಲು ಕರೆದುಕೊಂಡು ಹೋದೆ. ನಿಟ್ಟುವಳ್ಳಿಯ ನಮ್ಮ ಮನೆಯ ಹತ್ತಿರ ಚಾಚಾ ಒಬ್ಬರ ಅಂಗಡಿಯಿದೆ. ಇಪ್ಪತ್ತು ವರ್ಷದಿಂದ ನಾನು ಅಲ್ಲಿಯ ಗಿರಾಕಿ. ಚಾಚಾ ಬಾಣಲೆಯಲ್ಲಿ ಒಗ್ಗರಣೆ ಹಾಕಿ, ಮಂಡಕ್ಕಿ ಸುರಿದು, ನಿಂಬೆಹೋಳು ಕೈಗೆತ್ತಿಕೊಂಡರು. ನನ್ನ ಷಡ್ಡಕ ಅಡ್ಡ ಕೈ ಹಿಡಿದುಬಿಟ್ಟ.

"ಒಲಿ ಮ್ಯಾಲೆ ಹಿಂಡಬ್ಯಾಡ್ರಿ ಚಾಚಾ. ಸಾಯ್ತೈತೆ."

ಚಾಚಾ ಗಾಬರಿಯಿಂದ ಬಾಣಲೆಯೊಳಗೆ ಬಗ್ಗಿ ನೋಡಿದರು. "ಏನು ಸಾಯ್ತೈತ್ರಿ?"

"ಸಿ."

"ಯಾ ಅಲ್ಲಾ, ನಾನು ಹಲ್ಲಿ ಬಿತ್ತೇನೋ ಅನ್ಕಂಡೆ" ಎಂದು ಚಾಚಾ ಉಸಿರು ಬಿಟ್ಟರು. ಷಡ್ಡಕ ಬಿಡಲಿಲ್ಲ. ಸಿ ವಿಟಮಿನ್ನಿಗೆ ಬಿಸಿ ಆಗದು, ಹೆಚ್ಚಿಟ್ಟು ಬಹಳ ಹೊತ್ತು ಬಿಟ್ಟರೆ ಗಾಳಿಯೂ ಆಗದು, ಒಲೆಯಿಂದ ಇಳಿಸಿದ ಮೇಲೆ ಆಗಷ್ಟೇ ಕೊಯ್ದ ಹಣ್ಣು ಹಿಂಡಬೇಕು ಎಂದು ವಿವರಿಸಿದ. ಮೆಣಸಿನಕಾಯಿಯಲ್ಲೂ ಸಿ ಇದೆಯಂತೆ. ಬಜ್ಜಿ ಮಾಡಿದಾಗ ಅದೂ ಎಣ್ಣೆಯಲ್ಲಿ ತೀರಿಕೊಳ್ಳುತ್ತದಂತೆ. ನಾಲ್ಕು ಜನ ಗಿರಾಕಿಗಳು ಬಾಯಿಗೆ ಒಯ್ದಿದ್ದ ಬಜ್ಜಿಯನ್ನು ವಾಪಸು ತಟ್ಟೆಯಲ್ಲಿ ಮಲಗಿಸಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಮನೆಗೆ ಬಂದು ನಕ್ಕು ಮರೆಯುತ್ತಿದ್ದೆ. ಮುಂದಿನ ವಾರ ನಾನು ಒಬ್ಬನೇ ಹೋದಾಗ ಚಾಚಾ ಕೇಳಿದರು: "ನಿಮ್ಮ ಹರಿಹರದ ಭಾಯಿ ಬರಲಿಲ್ಲೇನು? ಅವರಿಗಂತ ಒಳ್ಳೆ ಹಣ್ಣು ಬ್ಯಾರೆ ಇಟ್ಟೀನಿ." ಇಪ್ಪತ್ತು ವರ್ಷ. ನನಗಾಗಿ ಆ ಅಂಗಡಿಯಲ್ಲಿ ಒಂದು ಈರುಳ್ಳಿ ಸಿಪ್ಪೆಯೂ ಬೇರೆ ಇಟ್ಟವರಿಲ್ಲ.

ಭಾನುವಳ್ಳಿಯಲ್ಲಿ ಅತ್ತೆಯವರ ತಮ್ಮನ ಮಗಳ ಮದುವೆ ಆಯಿತಲ್ಲ, ಅಲ್ಲಿ ಇನ್ನೊಂದು. ಷಡ್ಡಕನ ಇನ್ನೊಂದು ಜೇಬಿನಲ್ಲಿ ಒಂದು ಪುಟ್ಟ ಬಾಟಲಿ ಇರುತ್ತದೆ. ಗಂಜಿ ನೀರಿಗೆ ಎರಡು ಹನಿ ಅಯೋಡಿನ್ ಹಾಕಿದ್ದು, ಕಡುನೀಲಿ ಬಣ್ಣ. ಅದಕ್ಕೆ ಸಿ ಇರುವ ರಸ ಬಿದ್ದರೆ ನೀಲಿ ಮಾಯವಾಗಿ ನೀರಿನಂತಾಗುತ್ತದೆ. ಊಟಕ್ಕೆ ಕೂತಾಗ ಆತ ಎಲೆಯ ಪಕ್ಕ ಬಾಟಲಿಯ ಮುಚ್ಚಳ ಇಟ್ಟು, ಅದರಲ್ಲಿ ಒಂದಿಷ್ಟು ನೀಲಿ ಸುರಿದು, ನಿಂಬೆ ಸಾರಿನ ಹನಿ ಬಿಟ್ಟ. ನೀಲಿ ನೀಲಿಯಾಗಿಯೇ ಉಳಿಯಿತು.

"ನೋಡ್ರಿ, ಹುಳಿ ಐತೆ, ಜೀವ ಇಲ್ಲ" ಎಂದ.

ಅಡುಗೆಯವರು ಸೌಟು ಹಿಡಿದೇ ಬಂದರು. "ಯಜಮಾನ್ರೆ, ಮುನ್ನೂರು ಮಂದಿ ಉಂಡು ಹೋದ್ರು. ಸಾರಿಗೆ ಉಪ್ಪು ಐತೇನು ಅಂತ ಕೇಳಿದ್ರು, ಖಾರ ಐತೇನು ಅಂತ ಕೇಳಿದ್ರು. ಜೀವ ಐತೇನು ಅಂತ ಕೇಳಿದವರು ನೀವೊಬ್ರೇ."

ಆತ ಜೇಬಿನ ಹಣ್ಣು ಕೊಯ್ದು ಒಂದು ಹನಿ ಬಿಟ್ಟ. ನೀಲಿ ಹೋಯಿತು. ಪಂಕ್ತಿಯ ಮಕ್ಕಳೆಲ್ಲ ಊಟ ಬಿಟ್ಟು ಎದ್ದು ಬಂದು ಆತನನ್ನು ಸುತ್ತಿಕೊಂಡರು. ಇನ್ನೊಮ್ಮೆ ಮಾಡ್ರಿ, ಇನ್ನೊಮ್ಮೆ ಮಾಡ್ರಿ. ನಾನೂ ಒಂದು ವಿದ್ಯೆ ಕಲಿತಿದ್ದೇನೆ, ಮಕ್ಕಳ ಕಿವಿಯ ಹಿಂದಿನಿಂದ ರೂಪಾಯಿ ತೆಗೆಯುವುದು. ಪ್ರತಿ ಮದುವೆಗೂ ಅದಕ್ಕೆಂದೇ ಒಂದು ನಾಣ್ಯ ಒಯ್ಯುತ್ತೇನೆ. ಅವತ್ತು ಅದನ್ನು ಒಯ್ದ ಹಾಗೇ ವಾಪಸು ತಂದೆ.

ಊಟ ಮುಗಿಸಿ ಹೊರಟಾಗ ಅತ್ತೆಯವರು ಇಬ್ಬರು ಅಳಿಯಂದಿರಿಗೂ ಚೀಲ ಕೊಟ್ಟರು. ಆತನ ಚೀಲದಲ್ಲಿ ಪೇರಲ ಹಣ್ಣು. "ಸಣ್ಣ ಅಳಿಯಂದ್ರು ಕಿತ್ತಳೆಕಿಂತ ಪೇರಲದಾಗೆ ಸಿ ಜಾಸ್ತಿ ಅಂತಾರೆ, ಅದಕ್ಕೆ ಹುಡುಕಿ ಹುಡುಕಿ ತರಿಸಿದೆ." ನನ್ನ ಚೀಲದಲ್ಲಿ ಬೂದುಗುಂಬಳ. ನಾನೂ ಏನಾದರೂ ಅಂದಿದ್ದರೆ ತರಿಸುತ್ತಿದ್ದರೇನೋ. ನಾನು ಮದುವೆಯಾದಾಗಿನಿಂದ ಅಂದದ್ದು "ಬಸ್ಸು ಸಿಗ್ತೈತೋ ಇಲ್ಲೋ" ಎಂಬುದೊಂದೇ.

ಆತನ ಇನ್ನೊಂದು ಕೀರ್ತಿ ಎಂದರೆ ಹನ್ನೊಂದು ವರ್ಷದಿಂದ ನೆಗಡಿ ಆಗಿಲ್ಲ ಎಂಬುದು. ಕೊರೊನಾ ಕಾಲದಲ್ಲಿ ಎಲ್ಲರಂತೆ ಆತನೂ ಹತ್ತು ದಿನ ಕೆಮ್ಮಿದ್ದು ನನಗೆ ಗೊತ್ತು. ಕೇಳಿದರೆ, "ಅದು ನೆಗಡಿ ಅಲ್ಲ ಅಣ್ಣಾರ, ಅದು ಬ್ಯಾರೆ" ಎಂದ. ನನಗಾದರೋ ಮೋಡ ಕಂಡರೆ ಸೀನು, ಫ್ಯಾನ್ ತಿರುಗಿದರೆ ಸೀನು. ಆ ವರ್ಷ ಊರೆಲ್ಲ ಚಪ್ಪರಿಸುವ ಸಿ ಮಾತ್ರೆ ಕೊಂಡಾಗ ನಾನೂ ಕೊಂಡೆ. ಹನ್ನೊಂದು ವರ್ಷದ ಅಂತರವನ್ನು ಎರಡು ದಿನದಲ್ಲಿ ತುಂಬಿಕೊಳ್ಳೋಣ ಎಂದು ಪೆಪ್ಪರಮಿಂಟಿನಂತೆ ತಿಂದೆ. ಮೂರನೆಯ ದಿನ ಪೂರ್ತಿ ನಾನು ಎಲ್ಲಿದ್ದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಬಾಗಿಲ ಆಚೆಯಿಂದ ಹೆಂಡತಿ ಫೋನು ಹಿಡಿದು ಆತನ ಸಲಹೆ ಕೇಳುತ್ತಿದ್ದಳು. ಆತನ ದನಿ ನನಗೂ ಕೇಳಿಸುತ್ತಿತ್ತು.

"ಅದನ್ನ ದೇಹ ಗಂಟು ಕಟ್ಟಿ ಇಡಾಂಗಿಲ್ಲ ಅಕ್ಕಾರ. ಜಾಸ್ತಿ ಆದದ್ದನ್ನ ಹೊರಗೆ ಹಾಕ್ತೈತೆ. ಸ್ವಲ್ಪೇ ಬೇಕು, ಆದ್ರೆ ದಿನಾ ಬೇಕು."

ಇಷ್ಟು ಹಿನ್ನೆಲೆ ಇರುವಾಗ ಈ ವರ್ಷ ನನ್ನ ಹೆಂಡತಿಯ ರಕ್ತ ಕಡಿಮೆಯಾಯಿತು. ಗರ್ಭಕೋಶ ತೆಗೆಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಹಿಮೋಗ್ಲೋಬಿನ್ ಇಷ್ಟು ಕೆಳಗಿರುವಾಗ ಕೈ ಹಾಕುವುದಿಲ್ಲ, ಮೊದಲು ಅದು ಏರಲಿ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ತಿಂಗಳು ಕಳೆದರೂ ಏರಲಿಲ್ಲ. ಅವಳು ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದಳು. ನಾಲ್ಕು ಮೆಟ್ಟಿಲಿಗೊಮ್ಮೆ ಕೂತು, ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುವವಳಂತೆ ನಟಿಸುತ್ತಿದ್ದಳು. ಚಿಂತೆ ಮಾಡುವುದು ನನಗೆ ಹೊಸದಲ್ಲ. ಆದರೆ ಅಲ್ಲಿಯವರೆಗೆ ನಾನು ಮಾಡುತ್ತಿದ್ದದ್ದು ಅಭ್ಯಾಸ ಮಾತ್ರ ಎಂದು ಆಗ ತಿಳಿಯಿತು.

ಒಂದು ಭಾನುವಾರ ಷಡ್ಡಕ ಬಂದಿದ್ದಾಗ ಅವಳು ಗುಳಿಗೆಯನ್ನು ಬಾಯಿಗೆ ಹಾಕಿ ಕಾಫಿ ಎತ್ತಿದಳು. ಆತ ಕೂತಲ್ಲಿಂದ ಎದ್ದ.

"ಅಕ್ಕಾರ, ದಿನಾ ಹಿಂಗೇ ಏನು?"

"ಹೂಂ, ಕಾಫಿ ಇಲ್ಲದೆ ಆ ಗುಳಿಗಿ ಇಳಿಯಾಂಗಿಲ್ಲ."

"ಕಾಫಿ, ಚಾ ಎರಡೂ ಕಬ್ಬಿಣನ ಒಳಗೆ ಬಿಡಾಂಗಿಲ್ಲ. ಸಿ ಇದ್ರೆ ಕೈ ಹಿಡಿದು ಒಳಗೆ ಕರ್ಕಂಡು ಹೋಗ್ತೈತೆ" ಎಂದವನೇ ಅವಳ ಕೈಯಿಂದ ಲೋಟ ತೆಗೆದುಕೊಂಡ. ಜೇಬಿನ ಹಣ್ಣು ಕೊಯ್ದು, ತಣ್ಣೀರಿಗೆ ಹಿಂಡಿ, ಚೂರು ಉಪ್ಪು, ಚೂರು ಸಕ್ಕರೆ ಹಾಕಿ ಕೊಟ್ಟ. "ಕಾಫಿಗೆ ಒಂದು ತಾಸು ತಡೀರಿ."

ಅವಳು ತಡೆದಳು. ಇಪ್ಪತ್ತನಾಲ್ಕು ವರ್ಷದಿಂದ ಕಾಫಿ ಕಡಿಮೆ ಮಾಡು ಎಂದು ಬೇಡಿಕೊಂಡವನು ನಾನು. ಒಂದು ದಿನ ಒಂದು ಗುಟುಕು ಕಡಿಮೆ ಮಾಡಿದವಳಲ್ಲ.

ಒಂದೇ ದಿನಕ್ಕೆ ಮುಗಿಯಿತು ಎಂದುಕೊಂಡರೆ ಮರುದಿನ ಬೆಳಿಗ್ಗೆ ಏಳಕ್ಕೆ ಗೇಟು ಸದ್ದಾಯಿತು. ಷಡ್ಡಕ. ಹರಿಹರದಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ. ನಾವು ಮರೆತುಬಿಡುತ್ತೇವೆ ಎಂದು ಆತನಿಗೆ ಅನುಮಾನ. ಅನುಮಾನ ಸರಿಯೇ ಇತ್ತು, ಅವಳ ಕೈಯಲ್ಲಿ ಆಗಲೇ ಕಾಫಿ ಲೋಟ ಇತ್ತು. ಆತ ಲೋಟ ತೆಗೆದುಕೊಂಡ, ಹಣ್ಣು ಹಿಂಡಿದ, ಅವಳು ಗುಳಿಗೆ ನುಂಗಿದ್ದು ನೋಡಿದ, ಶಾಲೆಗೆ ಹೊತ್ತಾಯಿತು ಎಂದು ಮತ್ತೆ ಬಸ್ಸು ಹತ್ತಿದ. ಮರುದಿನವೂ. ಅದರ ಮರುದಿನವೂ. ಎರಡು ತಿಂಗಳು. ದಿನಕ್ಕೆ ಹತ್ತು ನಿಮಿಷದ ಕೆಲಸಕ್ಕೆ ಹೋಗಿ ಬರಲು ಒಂದೂವರೆ ತಾಸಿನ ದಾರಿ.

"ನಾನೇ ಹಿಂಡಿಕೊಡ್ತೀನಿ ಬಿಡ್ರಿ, ಯಾಕ ಒದ್ದಾಡ್ತೀರಿ" ಎಂದೆ ಒಮ್ಮೆ. ಹೆಂಡತಿ ಒಳಗಿನಿಂದ, "ನಿಮ್ಮ ಕೈಯಾಗೆ ಬೀಜ ಬೀಳ್ತಾವೆ" ಎಂದಳು. ಒಂದು ದಿನ ಆತನ ಬಸ್ಸು ತಡವಾಗಿ ನಾನು ಹಿಂಡಿದಾಗ ಎರಡು ಬೀಜ ಬಿದ್ದಿದ್ದವು, ನಿಜ. ಎರಡೇ ಎರಡು.

ನೀವು ನಗಬಹುದು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಒಂದು ಲೋಟ ಶರಬತ್ತಿಗೆ ಹೊಟ್ಟೆಕಿಚ್ಚೇ ಎಂದು. ಹೌದು, ಹೊಟ್ಟೆಕಿಚ್ಚೇ. ಏಳಕ್ಕೆ ಗೇಟು ಸದ್ದಾದಾಗ ಅವಳ ಮುಖದಲ್ಲಿ ಏಳುತ್ತಿದ್ದ ಧೈರ್ಯವನ್ನು ನೀವು ನೋಡಿಲ್ಲ. ನಾನು ದಿನವಿಡೀ ಪಕ್ಕದಲ್ಲೇ ಇದ್ದೆ, ನನ್ನ ಮುಖ ನೋಡಿ ಅವಳಿಗೆ ಧೈರ್ಯ ಬಂದದ್ದಿಲ್ಲ. ನನ್ನ ಮುಖ ಆ ಕೆಲಸಕ್ಕೆ ಆಗಿಬರುವಂಥದ್ದಲ್ಲ. ಅಲ್ಲದೆ, ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ನಾನು ಮುಂಗಾರಿನಿಂದ ಸೀನುತ್ತಲೇ ಇದ್ದೆ. ಅದೇ ನಡುಮನೆಯಲ್ಲಿ, ಅದೇ ಬೆಳಗಿನ ಏಳಕ್ಕೆ. ನನ್ನ ಕಾಫಿ ಲೋಟವನ್ನು ಯಾರೂ ಕಸಿದುಕೊಳ್ಳಲಿಲ್ಲ.

ಹಿಮೋಗ್ಲೋಬಿನ್ ಏರಿತು. ರಿಪೋರ್ಟು ನೋಡಿ ಡಾಕ್ಟರಮ್ಮ, "ಪರವಾಗಿಲ್ವೇ, ಏನು ಮಾಡಿದ್ರಿ?" ಎಂದು ಕೇಳಿದರು. ಹೆಂಡತಿ ಷಡ್ಡಕನ ಕಥೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಡಾಕ್ಟರಮ್ಮ ನಕ್ಕು, "ಏರಿಸಿದ್ದು ಗುಳಿಗೆಯೇ. ಆದ್ರೆ ನಿಂಬೆಹಣ್ಣು ಅದಕ್ಕೆ ಬಾಗಿಲು ತೆಗೀತು ಅನ್ನಿ" ಎಂದರು. ಆಮೇಲೆ ಫೈಲು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, "ಇವರೇನಾ ಆ ತಂಗಿ ಗಂಡ?" ಎಂದು ಕೇಳಿದರು.

ಅವತ್ತು ಮನೆಗೆ ಬರುವಾಗ ಆಟೋದಲ್ಲಿ ಕೂತು ನಾನೊಂದು ಬೇಡಿಕೆ ಸಲ್ಲಿಸಿದೆ. ದೊಡ್ಡದೇನಲ್ಲ. ದೇವರೇ, ಆ ಮನುಷ್ಯನಿಗೆ ಒಂದೇ ಒಂದು ಸೀನು ಬರಲಿ. ಜ್ವರ ಬೇಡ, ಕೆಮ್ಮು ಬೇಡ. ಒಂದು ಸೀನು, ಎಲ್ಲರೆದುರಿಗೆ.

ನನ್ನ ಪ್ರಾರ್ಥನೆ ಈ ಜನ್ಮದಲ್ಲಿ ಇಷ್ಟು ಬೇಗ ಫಲಿಸಿದ್ದು ಅದೊಂದೇ. ಆಪರೇಷನ್ನಿಗೆ ಎರಡು ದಿನ ಇರುವಾಗ ಹರಿಹರದಿಂದ ಫೋನು ಬಂತು. ಮೂಗು ಕಟ್ಟಿದ ದನಿ. "ಅಣ್ಣಾರ, ನೆಗಡಿ ಆಗೈತೆ. ಅಕ್ಕಾರ ಹತ್ರ ಬರಬಾರ್ದು. ನೀವೇ ಹಿಂಡ್ರಿ. ಬೀಜ ನೋಡ್ಕಳ್ರಿ."

ಆಪರೇಷನ್ನಿನ ದಿನ ಕರೆಂಟು ಇತ್ತು. ರೈಲ್ವೆ ಗೇಟು ತೆರೆದಿತ್ತು. ಭಾನುವಳ್ಳಿಯ ಬಸ್ಸು ಹೊತ್ತಿಗೆ ಮುಂಚೆ ಬಂತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು, ಹೆಂಡತಿ ಕಣ್ಣು ಬಿಟ್ಟು, ಮೊದಲು "ಹರಿಹರದವರು ಬಂದಾರೇನು?" ಎಂದು ಕೇಳಿ, ಆಮೇಲೆ ನನ್ನನ್ನು "ನೀವು ಉಂಡ್ರೇನು?" ಎಂದು ಕೇಳಿ ಮತ್ತೆ ನಿದ್ದೆ ಹೋದಳು. ಹರಿಹರದವರು ಬಂದಿದ್ದರು. ಮೇಲೆ ಬರಲು ಒಪ್ಪದೆ, ಆಸ್ಪತ್ರೆಯ ಮುಂದೆ ಹೊಂಗೆ ಮರದ ಕೆಳಗೆ ಮೂಗಿಗೆ ಟವೆಲ್ ಸುತ್ತಿಕೊಂಡು ಬೆಳಗಿನಿಂದ ನಿಂತಿದ್ದರು. ಅತ್ತೆಯವರು ಕಿಟಕಿಯಿಂದ ನೋಡಿ ಲೊಚಗುಟ್ಟಿದರು.

"ಅದು ನೆಗಡಿ ಅಲ್ಲ. ಹನ್ನೊಂದು ವರ್ಷ ಬರದಿದ್ದದ್ದು ಈಗ ಯಾಕ ಬರ್ತೈತೆ? ಯಾರ್ದೋ ಕಣ್ಣು ಬಿದ್ದೈತೆ."

ನಾನು ಡ್ರಿಪ್ ಬಾಟಲಿಯ ಹನಿಗಳನ್ನು ಬಹಳ ಆಸಕ್ತಿಯಿಂದ ಎಣಿಸತೊಡಗಿದೆ.

ಅವರು ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟರು. "ಹೋಗ್ರಿ, ಮೂರು ಸಲ ನಿವಾಳಿಸ್ರಿ. ಮೂರು ದಾರಿ ಕೂಡೋ ತಾವ ಒಗೀರಿ. ಬರುವಾಗ ತಿರುಗಿ ನೋಡಬ್ಯಾಡ್ರಿ."

"ನಾನಾ?"

"ಮತ್ತೆ ಯಾರು? ನನಗೆ ಮೆಟ್ಲು ಇಳಿಯಾಕೆ ಆಗ್ತೈತಾ?"

ಕಣ್ಣು ಹಾಕಿದವನ ಕೈಯಲ್ಲೇ ಕಣ್ಣು ತೆಗೆಸುವ ಇಂಥ ಏರ್ಪಾಡು ಬೇರೆ ಯಾವ ಮನೆಯಲ್ಲಾದರೂ ನಡೆದಿದೆಯೇ? ಕೆಳಗಿಳಿದು ಹೋದೆ. ಎಳನೀರಿನವನು, ಇಬ್ಬರು ಆಟೋದವರು, ಒಬ್ಬ ಪೊಲೀಸಪ್ಪ ನೋಡುತ್ತಿರುವಾಗ, ಸರಕಾರಿ ಶಾಲೆಯ ಲ್ಯಾಬ್ ಅಟೆಂಡರನ ತಲೆಯ ಸುತ್ತ ನಿಂಬೆಹಣ್ಣು ತಿರುಗಿಸಿದೆ. ಆತ ಕಣ್ಣು ಮುಚ್ಚಿಕೊಂಡು, ಕೂದಲು ಕತ್ತರಿಸಿಕೊಳ್ಳುವವರಂತೆ ತಲೆ ಬಗ್ಗಿಸಿ ನಿಂತ. ಎರಡನೆಯ ಸುತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಈ ಕಣ್ಣು ನಂದೇ ಇರ್ಬೇಕು ಕಣ್ರಿ" ಎಂದೆ.

"ಛೆ, ನಿಮ್ದಲ್ಲ ಬಿಡ್ರಿ. ನಾನು ಎರಡು ತಿಂಗಳಿಂದ ನಿಂಬೆಣ್ಣು ಬಾಯಿಗೇ ಮುಟ್ಟಿಸಿಲ್ಲ."

"ನೀವಾ?"

"ಬೆಳಿಗ್ಗೆ ಆರು ಕಾಲಿಗೆ ಬಸ್ಸು ಅಣ್ಣಾರ. ಹಣ್ಣು ಜೇಬಿಗೆ ಹಾಕ್ಕಂಡು ಓಡ್ತಿದ್ದೆ. ಅಕ್ಕಾರದು ಆದ್ಮ್ಯಾಲೆ ಶಾಲಿ. ನಂದು ಹಿಂಡ್ಕಣಾದು ಮರ್ತೇ ಹೋಗಿತ್ತು." ಸುತ್ತ ನೋಡಿ ದನಿ ತಗ್ಗಿಸಿದ. "ಹಿಂಡ್ಕಂಡಿದ್ರೂ ನೆಗಡಿ ಬರ್ತಿತ್ತೇನೋ. ನೆಗಡಿ ತಡೆಯಾದು ಅಷ್ಟು ಗ್ಯಾರಂಟಿ ಇಲ್ಲ ಅಂತ ಮೇಷ್ಟ್ರು ಹೇಳ್ಯಾರೆ. ಅತ್ತೀರಿಗೆ ಹೇಳಬ್ಯಾಡ್ರಿ."

ನಾನು ಮೂರನೆಯ ಸುತ್ತು ಬಹಳ ನಿಧಾನವಾಗಿ ಮುಗಿಸಿದೆ. ಮೂರು ದಾರಿ ಕೂಡುವಲ್ಲಿ ಹೋಗಿ ಹಣ್ಣು ಒಗೆದು ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದೆ ಲಾರಿಯ ಹಾರ್ನು, ಅದರ ಹಿಂದೆ ಒಂದು ದೊಡ್ಡ ಸೀನು. ಎಲ್ಲ ಮರೆತು ತಿರುಗಿ ನೋಡಿದೆ. ರಸ್ತೆಯ ಅಂಚಿನಲ್ಲಿ ಷಡ್ಡಕ ನಿಂತಿದ್ದ, ಕೈಯಲ್ಲಿ ಅದೇ ಹಣ್ಣು.

"ಚಕ್ರಕ್ಕೆ ಸಿಗೋದ್ರಾಗಿತ್ತು. ಒಡದಿಲ್ಲ, ಪೂರ್ತಿ ಐತೆ."

"ಅದು ನಿವಾಳಿಸಿದ ಹಣ್ಣು ಮಾರಾಯ್ರೆ!"

"ಸಂಶಯ ಇದ್ರೆ ನೋಡೇಬಿಡಣ" ಎಂದು ಪುಟ್ಟ ಬಾಟಲಿ ತೆಗೆದ. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಹಣ್ಣು ತೊಳೆದು, ಕೊಯ್ದು, ಮುಚ್ಚಳದ ನೀಲಿಗೆ ಒಂದು ಹನಿ ಬಿಟ್ಟ. ನೀಲಿ ಹೋಯಿತು.

"ಸಿ ಐತೆ" ಎಂದ. ಮುಚ್ಚಳವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ, "ಕಣ್ಣು ಇಲ್ಲ" ಎಂದ.

ಒಂದು ಲೋಟ ನೀರಿಗೆ ನಾನೇ ಹಿಂಡಿದೆ. ಬೀಜ ಬಿತ್ತು; ಆತ ನೋಡಿಯೂ ಲೋಟಕ್ಕೆ ಕೈ ಚಾಚಿದ. ಅರ್ಧ ಆತ ಕುಡಿದ, ಅರ್ಧ ನಾನು ಕುಡಿದೆ. ಎತ್ತಿಯೇ ಕುಡಿದೆವು. ಆದರೆ ನಡುವೆ ಆತ ಸೀನಿದ್ದಕ್ಕೆ ಮಡಿ ಎಲ್ಲಿಂದ ಬರಬೇಕು? ಮೇಲೆ ಹೋದಾಗ ಅತ್ತೆಯವರು, "ಒಗದ್ರಾ?" ಎಂದರು. ಒಗೆದೆ ಎಂದೆ, ಅದು ನಿಜವೇ. "ತಿರುಗಿ ನೋಡ್ಲಿಲ್ಲ ತಾನೆ?" ನಾನು ಮತ್ತೆ ಡ್ರಿಪ್ ಹನಿ ಎಣಿಸಿದೆ.

ಹೀಗೆ, ಪಟ್ಟಿಯ ಅಷ್ಟೂ ಕೇಡುಗಳು ತಪ್ಪಿ, ಆದದ್ದು ಇಷ್ಟೇ: ಮೂರನೆಯ ದಿನ ನನಗೆ ನೆಗಡಿಯಾಯಿತು. ಹೆಂಡತಿ ಮನೆಗೆ ಬಂದಳು, ಅತ್ತೆಯವರು ಅವಳ ಆರೈಕೆಗೆ ನಿಂತರು, ನನ್ನನ್ನು "ನೀವು ಆ ಕಡೆ ಇರ್ರಿ" ಎಂದು ಹೊರಗಿನ ಕೋಣೆಗೆ ಕಳಿಸಿದರು. ಮೂಗು ಸೋರುತ್ತ, ಕಾಫಿ ಕಾಸಿಕೊಂಡು, ಒಬ್ಬನೇ ಕೂತಿದ್ದೆ. ಏಳು ಗಂಟೆ. ಗೇಟು ಸದ್ದಾಯಿತು.

ಆತನ ಮೂಗು ಈಗ ಸರಿಹೋಗಿತ್ತು. ಅಂಗಿಯ ಜೇಬು ಮಾತ್ರ ಎಂದಿಗಿಂತ ಹೆಚ್ಚು ಉಬ್ಬಿತ್ತು. ಒಂದು ಹಣ್ಣು ತೆಗೆದು ಮೇಜಿನ ಮೇಲಿಟ್ಟ. "ಅಕ್ಕಾರಿಗೆ" ಎಂದ. ಇನ್ನೊಂದು ತೆಗೆದ. ಅದು ಯಾರಿಗೆ ಎಂದು ಹೇಳಲಿಲ್ಲ. ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ತೆಗೆದುಕೊಂಡ.

"ಒಂದು ತಾಸು ತಡೀರಿ ಅಣ್ಣಾರ."

ನಾನೇನೂ ಕಬ್ಬಿಣದ ಗುಳಿಗೆ ನುಂಗುತ್ತಿರಲಿಲ್ಲ. ಆ ಕಾಫಿ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಅದು ಆತನಿಗೂ ಗೊತ್ತಿತ್ತು. ಆದರೂ ತಡೆದೆ.